ಹೊಗೆ ಬಾರದ ಜಾಯಿಂಟೂ ಸೋರುತ್ತದೆ

ಆಟಿಯ ಮಳೆ ಹಿಡಿದ ಮೇಲೆ ಪುತ್ತೂರು, ಸುಳ್ಯ, ಕಡಬದ ಕಡೆಯ ಬಚ್ಚಲು ಕೊಟ್ಟಿಗೆಗಳಲ್ಲಿ ಒಂದು ದೃಶ್ಯ ಸಾಮಾನ್ಯ. ಹಂಡೆ ಒಲೆಯಿಂದ ಗೋಡೆಗೆ ಹೋಗುವ ತಗಡಿನ ಪೈಪಿನ ಸಂದಿಯಿಂದ ಕಂದು ಗೆರೆಯೊಂದು ಇಳಿದಿರುತ್ತದೆ, ಸುಣ್ಣದ ಗೋಡೆಗೆ ಕಷಾಯ ಚೆಲ್ಲಿದ ಹಾಗೆ. ಅಂಟು, ಸುಟ್ಟ ವಾಸನೆ, ಕೈಗೆ ತಾಗಿದರೆ ಸಾಬೂನಿಗೂ ಬಗ್ಗದು. ಮನೆಯವರನ್ನು ಕೇಳಿದರೆ ಉತ್ತರ ಸಿದ್ಧವಿದೆ: ಮೇಲಿನಿಂದ ಮಳೆ ನೀರು ಇಳಿಯುವುದು. ಮೇಸ್ತ್ರಿ ಬಂದು ಪೈಪಿನ ತಲೆಗೆ ಟೊಪ್ಪಿ ಇಟ್ಟು ಹೋಗುತ್ತಾನೆ. ಗೆರೆ ಇಳಿಯುತ್ತಲೇ ಇರುತ್ತದೆ.

ಟೊಪ್ಪಿ ಬೇಡವೆಂದಲ್ಲ. ಆದರೆ ಟೊಪ್ಪಿ ಇಟ್ಟ ಮೇಲೂ ಇಳಿಯುವ ಆ ನೀರು ಆಕಾಶದ್ದಲ್ಲ, ಸೌದೆಯದ್ದು. ಎಷ್ಟೇ ಒಣಗಿದ ಸೌದೆಯಾದರೂ ಒಂದು ಕಿಲೋ ಉರಿದರೆ ಸುಮಾರು ಅರ್ಧ ಕಿಲೋ ನೀರಾವಿ ಹುಟ್ಟುತ್ತದೆ. ಮರದೊಳಗಿನ ಜಲಜನಕ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಆಗುವ ನೀರು ಅದು. ಇನ್ನು ಮಳೆಗಾಲದಲ್ಲಿ ನಾವು ಒಲೆಗೆ ತುರುಕುವುದಾದರೂ ಏನು? ಅರೆ ಒಣಗಿದ ಕೊತ್ತಳಿಗೆ, ತೇವ ಎಳೆದ ತೆಂಗಿನ ಸಿಪ್ಪೆ, ಮೊನ್ನೆ ಕಡಿದ ರಬ್ಬರ್ ಕೊಂಬೆ. ಹಂಡೆಯಲ್ಲಿ ತಣ್ಣೀರು ತುಂಬಿರುವುದರಿಂದ ಹೊಗೆ ಪೈಪು ಸೇರುವ ಮೊದಲೇ ಅರ್ಧ ತಣಿದಿರುತ್ತದೆ. ಉಳಿದದ್ದನ್ನು ತಣ್ಣಗಿನ ತಗಡು ಮುಗಿಸುತ್ತದೆ. ಆವಿ ಹನಿಯಾಗಿ, ಅರೆಬೆಂದ ಹೊಗೆಯ ಡಾಂಬರಿನೊಂದಿಗೆ ಬೆರೆತು ಪೈಪಿನ ಒಳಮೈಯಲ್ಲಿ ಕೆಳಗಿಳಿಯುತ್ತದೆ.

ಒಳಮೈಯಲ್ಲಿ ಎನ್ನುವುದೇ ಇಲ್ಲಿ ಮುಖ್ಯ. ಎರಡು ತುಂಡು ಕೂಡಿಸುವಾಗ ಮೇಲಿನದ್ದು ಕೆಳಗಿನದ್ದನ್ನು ಹೊರಗಿನಿಂದ ಮುಚ್ಚಿರಬೇಕು ಎಂದು ನಮ್ಮವರ ಕಣ್ಣು ಹೇಳುತ್ತದೆ. ಹಂಚಿನ ಮಾಡು ನೋಡಿ ಬೆಳೆದ ಕಣ್ಣು, ಮತ್ತೇನು ಹೇಳೀತು? ಹಂಚಿನಲ್ಲಿ ನೀರು ಹರಿಯುವುದು ಹೊರಮೈಯಲ್ಲಿ, ಅಲ್ಲಿ ಅದೇ ಸರಿ. ಪೈಪಿನ ವಿಷಯದಲ್ಲಿ ನೆನೆಯಬೇಕಾದದ್ದು ಹಂಚನ್ನಲ್ಲ, ದಂಬೆಯನ್ನು. ಅಡಿಕೆ ಮರ ಸೀಳಿ ತೋಟಕ್ಕೆ ನೀರು ಹಾಯಿಸುತ್ತಿದ್ದ ಕಾಲದಲ್ಲಿ ಮೇಲಿನ ದಂಬೆಯ ತುದಿ ಕೆಳಗಿನ ದಂಬೆಯ ಒಳಗೆ ಕೂರುತ್ತಿತ್ತು. ತಿರುವು ಮುರುವು ಇಟ್ಟರೆ ನೀರು ಅಲ್ಲೇ ಚೆಲ್ಲುತ್ತದೆಂದು ಮಕ್ಕಳಿಗೂ ಗೊತ್ತಿತ್ತು. ಹೊಗೆ ಪೈಪಿಗೂ ಅದೇ ನ್ಯಾಯ. ಮೇಲಿನ ತುಂಡಿನ ಕಿರಿದಾದ ಬಾಯಿ ಕೆಳಗಿನ ತುಂಡಿನ ಒಳಗೆ ಇಳಿಯಬೇಕು. ಸಿಮೆಂಟ್ ಪೈಪಾದರೆ ಸಾಕೆಟ್ ಮೇಲ್ಮುಖವಾಗಿರಬೇಕು. ಆಗ ಡಾಂಬರು ಒಳಗಿಂದೊಳಗೇ ಇಳಿದು ಒಲೆಗೆ ಮರಳಿ ಸುಟ್ಟುಹೋಗುತ್ತದೆ, ಗೋಡೆಗೆ ಬರುವುದಿಲ್ಲ.

ಹಾಗೆ ಕೂಡಿಸಿದರೆ ಮೇಲೇರುವ ಹೊಗೆ ಸಂದಿಯಿಂದ ಹೊರಗೆ ನುಗ್ಗುವುದಿಲ್ಲವೇ ಎಂದು ಮೇಸ್ತ್ರಿಗಳು ವಾದಿಸುತ್ತಾರೆ. ನುಗ್ಗುವುದಿಲ್ಲ. ಬಿಸಿ ಹೊಗೆ ಹಗುರ. ಅದು ಮೇಲೇರುವಾಗ ಪೈಪಿನೊಳಗಿನ ಒತ್ತಡ ಕೋಣೆಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ಹಾಗಾಗಿ ಸಂದಿ ಹೊಗೆಯನ್ನು ಉಗುಳುವುದಿಲ್ಲ, ಕೋಣೆಯ ಗಾಳಿಯನ್ನು ಹೀರುತ್ತದೆ. ಹೊಗೆ ಬರುತ್ತಿಲ್ಲವಾದ್ದರಿಂದ ಜಾಯಿಂಟ್ ಸರಿ ಇದೆ ಎಂಬ ನಂಬಿಕೆ ಬೀಳುವುದು ಇಲ್ಲೇ. ಹೀರಿಕೊಂಡ ತಣ್ಣನೆ ಗಾಳಿ ಹೊಗೆಯನ್ನು ಇನ್ನಷ್ಟು ತಣಿಸುತ್ತದೆ, ಎಳೆತ ಕುಗ್ಗುತ್ತದೆ, ಕೊನೆಗೆ ಹೊಗೆ ಹೊರಬರುವುದು ಜಾಯಿಂಟಿನಿಂದಲ್ಲ, ಒಲೆಯ ಬಾಯಿಂದ. ಜನ ಬೈಯುವುದು ಒಲೆಗೆ. ಪರೀಕ್ಷೆಗೆ ಒಂದು ಊದುಬತ್ತಿ ಸಾಕು. ಒಲೆ ಚೆನ್ನಾಗಿ ಉರಿಯುತ್ತಿರುವಾಗ ಸಂದಿಯ ಸುತ್ತ ಹಿಡಿಯಿರಿ. ಬತ್ತಿಯ ಹೊಗೆ ಒಳಗೆ ಎಳೆದುಕೊಂಡು ಹೋದ ಜಾಗವೇ ತೂತು.

ಎಳೆತ ಸಾಲದೆಂದು ಮೇಲೆ ಇನ್ನೊಂದು ಪೈಪು ಏರಿಸುವುದು ಮತ್ತೊಂದು ಅಭ್ಯಾಸ. ಎತ್ತರ ಹೆಚ್ಚಿದರೆ ಎಳೆತ ಹೆಚ್ಚುವುದು ನಿಜ. ಕೆಳಗಿನ ತೂತು ಹಾಗೇ ಇದ್ದರೆ ಅದೂ ಹೆಚ್ಚು ಎಳೆಯುತ್ತದೆ, ಅಷ್ಟೇ.

ಸಿಮೆಂಟು ಮೆತ್ತಿದರೆ ಶಾಶ್ವತ ಎನ್ನುವವರಿಗೆ ಒಂದು ಲೆಕ್ಕ. ಒಂದು ಮೀಟರ್ ಕಬ್ಬಿಣದ ಪೈಪು 300 ಡಿಗ್ರಿಯಷ್ಟು ಬಿಸಿಯೇರಿದರೆ ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ, ಆರಿದಾಗ ಮತ್ತೆ ಕುಗ್ಗುತ್ತದೆ. ದಿನಾ ಹಿಗ್ಗಿ ಕುಗ್ಗುವ ತಗಡಿನ ಜೊತೆ ಸಿಮೆಂಟು ಬಾಳುವುದಿಲ್ಲ, ಬಿರುಕು ಬಿಡುತ್ತದೆ. ಹುತ್ತದ ಮಣ್ಣಿಗೆ ಉಮಿ ಕಲಸಿ ಮೆತ್ತುವ ಹಳೆಯ ಕ್ರಮವೇ ಮೇಲು; ಬಿರುಕು ಬಿಟ್ಟರೂ ಒದ್ದೆ ಕೈಯಲ್ಲಿ ಸವರಿದರೆ ಮುಗಿಯಿತು. ಶಾಖ ತಡೆಯುವ ಸೆರಾಮಿಕ್ ಹಗ್ಗ ಸಿಕ್ಕಿದರೆ ಇನ್ನೂ ಒಳ್ಳೆಯದು. ಎಂ-ಸೀಲ್ ಈ ಶಾಖಕ್ಕೆ ಹೇಳಿದ್ದಲ್ಲ. ಮನೆಯಲ್ಲಿ ಉಳಿದಿದೆಯೆಂದು ಪಿವಿಸಿ ಪೈಪು ಸಿಕ್ಕಿಸುವವರೂ ಇದ್ದಾರೆ. ಅದು 80 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ.

ಗೋಡೆಯ ಒಳಗಿನ ತಪ್ಪು ಕಣ್ಣಿಗೆ ಬೀಳದ ತಪ್ಪು. ಭದ್ರವಾಗಿರಲಿ ಎಂದು ಪೈಪನ್ನು ಇಟ್ಟಿಗೆಯ ಚಿಮಣಿಯೊಳಕ್ಕೆ ಆದಷ್ಟು ತೂರಿಸುತ್ತಾರೆ. ಪೈಪಿನ ತುದಿ ಎದುರು ಗೋಡೆಗೆ ಹತ್ತಿರವಾದಷ್ಟೂ ಹೊಗೆಗೆ ದಾರಿ ಕಟ್ಟಿದ ಹಾಗೆ. ತುದಿ ಚಿಮಣಿಯ ಒಳಮೈಗೆ ಸಮನಾಗಿ ನಿಂತರೆ ಸಾಕು. ಅಡ್ಡ ಹೋಗುವ ಪೈಪು ಚಿಮಣಿಯ ಕಡೆಗೆ ಮೀಟರಿಗೆ 2 ಸೆಂಟಿಮೀಟರ್‌ನಷ್ಟಾದರೂ ಏರಿರಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ರೂಪಿಸಿದ ಒಲೆ ಹಳ್ಳಿ ಮನೆಗಳಿಗೆ ಕೊಳವೆಯ ರುಚಿ ಹತ್ತಿಸಿತು. ಹೊಗೆ ಹೊರಗೆ, ಪಾತ್ರೆಗೆ ಶಾಖ. ಕೆಲವು ವರ್ಷಗಳಲ್ಲೇ ‘ಅಸ್ತ್ರ ಒಲೆ ಉಪಯೋಗವಿಲ್ಲ’ ಎಂಬ ಮಾತು ಹುಟ್ಟಿದಲ್ಲೆಲ್ಲ ನನಗೆ ಅನುಮಾನ ಒಲೆಯ ಮೇಲಲ್ಲ, ಗುಡಿಸದೆ ಬಿಟ್ಟ ಪೈಪಿನ ಮೇಲೆ. ಆಗಿನ ಕಲ್ನಾರಿನ ಪೈಪು ಇನ್ನೂ ನಿಮ್ಮಲ್ಲಿದ್ದರೆ ಗರಗಸ ಹಾಕಬೇಡಿ. ಆ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ದಾರಿ.

ಹೊಗೆ ಆಡಿದರೆ ಮಾಡಿನ ಮರಕ್ಕೆ ಒಳ್ಳೆಯದು ಎನ್ನುವ ಮಾತು ಅರ್ಧ ಸತ್ಯ. ಹೊಗೆ ಅಟ್ಟದ ಕಾಲದಿಂದ ಬಂದ ಅನುಭವ ಅದು. ಹೊಗೆಗೂಡಿನಲ್ಲಿ ರಬ್ಬರ್ ಶೀಟಿಗೆ ಬೂಸಲು ಹಿಡಿಯದಿರುವುದೂ ಇದೇ ಗುಣದಿಂದ. ಆದರೆ ಹೊಗೆಗೂಡಿನಲ್ಲಿ ಯಾರೂ ಸ್ನಾನ ಮಾಡುವುದಿಲ್ಲ. ಬಾಗಿಲು ಹಾಕಿದ ಬಚ್ಚಲಿನಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇನ್ನು ಒಳಗೆ ಕಟ್ಟಿದ ಡಾಂಬರಿಗೆ ಕಿಡಿ ತಾಗಿದರೆ ಪೈಪೇ ಉರಿಯುತ್ತದೆ. ಆದ್ದರಿಂದ ತಗಡಿನ ಪೈಪಿಗೂ ಪಕ್ಕಾಸು, ಸೋಗೆ, ಟಾರ್ಪಾಲಿಗೂ ನಡುವೆ 45 ಸೆಂಟಿಮೀಟರ್ ಅಂತರ ಇರಲಿ.

ನಮ್ಮಲ್ಲಿ ನರಕ ಚತುರ್ದಶಿಯ ಮುಂಚಿನ ದಿನ ಹಂಡೆ ತಿಕ್ಕಿ, ತೊಳೆದು, ಬಳ್ಳಿ ಕಟ್ಟಿ ನೀರು ತುಂಬುತ್ತೇವೆ. ಮಳೆಗಾಲದ ಡಾಂಬರೆಲ್ಲ ಕಟ್ಟಿ ನಿಂತಿರುವುದೂ ಆ ಹೊತ್ತಿಗೇ. ಈ ಸಲ ಹಂಡೆ ಇಳಿಸಿದಾಗ ಪೈಪನ್ನೂ ಬಿಚ್ಚಿ, ಮಸಿ ಕೆಡವಿ, ಮರಳಿ ಕೂಡಿಸುವಾಗ ಯಾವುದು ಯಾವುದರ ಒಳಗೆ ಎಂದು ಒಮ್ಮೆ ನೋಡಿ.