ಕಾರ್ಬರಿಲ್ ಪುಡಿಯ ವೃತ್ತಾಂತ

ಗ್ರಾಮಗಳ ತನಿಖೆಗೆ ಹೋದಾಗ ಕೆಲವು ಜಮೀನುದಾರರ ಉಗ್ರಾಣಗಳಲ್ಲಿ ಅರ್ಧ ಉಳಿದ ಸೆವಿನ್ ಪೊಟ್ಟಣಗಳನ್ನು ನಾನು ಕಂಡಿರುವುದುಂಟು. "ಇದಕ್ಕೆ ಇನ್ನೂ ಶಕ್ತಿ ಉಂಟೇ, ಸ್ವಾಮಿ?" ಎಂದು ಮಾಲೀಕರು ಕೇಳುವರು. ಶಕ್ತಿ ಇರಲಿ, ಬಿಡಲಿ, ಅದರ ಉಪಯೋಗವೇ ಈಗ ಕಾನೂನಿಗೆ ವಿರುದ್ಧವಾದುದು. ಆ ಪುಡಿಯ ವೃತ್ತಾಂತವನ್ನು ಗ್ರಾಮದ ಮುಖ್ಯಸ್ಥರು ತಿಳಿದಿರುವುದು ಯುಕ್ತ.

ಕಾರ್ಬಮೇಟ್ ವರ್ಗದ ವಿಷಗಳ ಮೊದಲ ಸುಳಿವು ಪಶ್ಚಿಮ ಆಫ್ರಿಕದ ಕ್ಯಾಲಬಾರ್ ಎಂಬ ಬಳ್ಳಿಯ ಬೀಜದಿಂದ ದೊರೆಯಿತು. ನರದ ಸಂದೇಶವು ಮುಟ್ಟಿದೊಡನೆ ಅದನ್ನು ಅಳಿಸುವ ರಸವೊಂದು ಪ್ರಾಣಿಗಳ ದೇಹದಲ್ಲಿರುವುದು. ಈ ವಿಷವು ಆ ರಸವನ್ನು ಕಟ್ಟಿಹಾಕುವುದರಿಂದ ಕೀಟವು ನಡುಗಿ ನಡುಗಿ ಸಾಯುವುದು. ಮನುಷ್ಯನ ನರಗಳಿಗೂ ಇದೇ ನಿಯಮ.

ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪೆನಿಯು 1958ರಲ್ಲಿ ಕಾರ್ಬರಿಲನ್ನು ಸೆವಿನ್ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಡಿ.ಡಿ.ಟಿ.ಯಂತೆ ಇದು ದೇಹದ ಕೊಬ್ಬಿನಲ್ಲಿ ಸೇರಿ ವರ್ಷಗಟ್ಟಲೆ ನಿಲ್ಲದು. ಪ್ಯಾರಾಥಿಯಾನಿನಷ್ಟು ಉಗ್ರವೂ ಅಲ್ಲ. ಆದುದರಿಂದ ಹತ್ತಿ, ಭತ್ತ, ತೊಗರಿ, ಮಾವುಗಳಿಗೆಲ್ಲ ಇದನ್ನು ನಿಶ್ಚಿಂತೆಯಿಂದ ಎರಚಿದರು. ದೋಷಗಳು ಹೊಲದಲ್ಲಿ ಕಂಡುಬಂದವು. ಜೇನುಹುಳುವು ಪರಾಗದೊಡನೆ ಪುಡಿಯನ್ನೂ ಹೊತ್ತು ಗೂಡಿಗೆ ಒಯ್ಯುವುದರಿಂದ ಮರಿಗಳೂ ಸಾಯುವುವು. ಗುಲಗಂಜಿ ಹುಳುವಿನಂತಹ ಮಿತ್ರಕೀಟಗಳು ನಾಶವಾಗಿ, ಕಾರ್ಬರಿಲ್‌ಗೆ ಅಷ್ಟಾಗಿ ಬಗ್ಗದ ನುಸಿಗಳು ಹೆಚ್ಚುವುವು. ಹಣ ಕೊಟ್ಟು ಹೊಸ ಪೀಡೆಯನ್ನು ಕೊಂಡಂತಾಯಿತು!

ಇದಕ್ಕಿಂತ ಘೋರವಾದುದು ತಯಾರಿಕೆಯಲ್ಲಿ ಸಂಭವಿಸಿತು. ಭೋಪಾಲದ ಕಾರ್ಖಾನೆಯಲ್ಲಿ ಕಾರ್ಬರಿಲ್ ಮಾಡಲು ಮಿಥೈಲ್ ಐಸೊಸೈಯನೇಟ್ ಎಂಬ ದ್ರವವನ್ನು ಟ್ಯಾಂಕಿಗಳಲ್ಲಿ ಶೇಖರಿಸಿದ್ದರು. 1984ನೆಯ ಡಿಸೆಂಬರ್ 2ರ ರಾತ್ರಿ ಒಂದು ಟ್ಯಾಂಕಿಗೆ ನೀರು ಸೇರಿ, ಅದು ಕಾದು ವಿಷಾನಿಲವಾಗಿ ಹೊರನುಗ್ಗಿತು. ನಿದ್ರೆಯಲ್ಲಿದ್ದ ಸಾವಿರಾರು ಜನರು ಮೃತರಾದರು. ಆ ದ್ರವವಿಲ್ಲದೆಯೂ ಕಾರ್ಬರಿಲ್ ತಯಾರಿಸುವ ಕ್ರಮವಿದ್ದಿತೆಂಬುದನ್ನು ನೆನೆದರೆ ವ್ಯಥೆಯಾಗುವುದು.

ಆದರೂ ಮಾರಾಟವು ನಿಲ್ಲಲಿಲ್ಲ. ಯೂರೋಪಿನ ಒಕ್ಕೂಟವು 2007ರಲ್ಲಿ ಇದಕ್ಕೆ ಅನುಮತಿಯನ್ನು ನಿರಾಕರಿಸಿತು. ಭಾರತ ಸರ್ಕಾರವು ತಜ್ಞರ ಸಮಿತಿಯೊಂದರ ಪರಿಶೀಲನೆಯ ತರುವಾಯ 2018ನೆಯ ಆಗಸ್ಟ್ 8ರ ಆಜ್ಞೆಯಿಂದ ಇದರ ತಯಾರಿಕೆ, ಮಾರಾಟ, ಉಪಯೋಗಗಳನ್ನು ನಿಷೇಧಿಸಿತು.

ಹಳೆಯ ಪೊಟ್ಟಣವು ಸಿಕ್ಕಿದಲ್ಲಿ ಅದನ್ನು ಕೆರೆಬಾವಿಗಳಿಗೆ ಸುರಿಯಬಾರದು, ಸುಡಬಾರದು, ಬೇರೆ ಡಬ್ಬಕ್ಕೂ ತುಂಬಬಾರದು. ಚೀಟಿಸಹಿತ ಬೀಗದೊಳಗಿರಿಸಿ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸತಕ್ಕದ್ದು. ಆಕಸ್ಮಾತ್ ಯಾರಿಗಾದರೂ ವಿಷವೇರಿ ಜೊಲ್ಲು, ಬೆವರು, ಉಸಿರುಕಟ್ಟುವಿಕೆ ಕಾಣಿಸಿದರೆ, ಬಟ್ಟೆ ಕಳಚಿ, ಮೈಯನ್ನು ಸಾಬೂನಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಸಾಗಿಸಿರಿ. ಅಟ್ರೋಪಿನ್ ಇದಕ್ಕೆ ಪ್ರತ್ಯೌಷಧ. ಪೊಟ್ಟಣದ ಚೀಟಿಯನ್ನು ವೈದ್ಯರಿಗೆ ತೋರಿಸಲು ಮರೆಯದಿರಿ.