ಉತ್ಪನ್ನವಾಗದ ಪ್ರಶ್ನೆ

ನಮ್ಮ ಮಡಕಶಿರಾ ಸೀಮೆಯ ರೈತನ ಕಿವಿಗೆ 'ಉತ್ಪನ್ನ' ಅನ್ನೋ ಮಾತು ಬಿದ್ದರೆ ಕಣ್ಣ ಮುಂದೆ ಬರೋದು ಕಡಲೆಕಾಯಿ ಮೂಟೆ. ಶಿರಾ ಕಡೆ ಹೋದಾಗಲೆಲ್ಲ 'ಕೃಷಿ ಉತ್ಪನ್ನ ಮಾರುಕಟ್ಟೆ' ಅನ್ನೋ ಬೋರ್ಡು ಓದಿಕೊಂಡು ಬೆಳೆದವರು ನಾವು. ಹಾಗಾಗಿ ಆಂಧ್ರದ ವಿಧಾನಸಭೆಯಿಂದ ಬಂದ ಒಂದು ಉತ್ತರದ ಪ್ರತಿಯಲ್ಲಿ 'ಪ್ರಶ್ನ ಉತ್ಪನ್ನಂ ಕಾದು' ಎಂದಿದ್ದುದನ್ನು ನಾನು ಓದಿ ಹೇಳಿದಾಗ ಪಕ್ಕದ ಹೊಲದ ಯಜಮಾನರು ನಕ್ಕುಬಿಟ್ಟರು. "ಮಳೆ ಕೈ ಕೊಟ್ರೆ ಕಡಲೆಕಾಯಿ ಉತ್ಪನ್ನ ಆಗಲ್ಲ, ಅದು ಗೊತ್ತೈತೆ. ಪ್ರಶ್ನೆಗೂ ಮಳೆ ಬೇಕೇನಪ್ಪಾ?" ಅಂದರು.

ತೆಲುಗಿನಲ್ಲಿ ಆ ಮಾತಿನ ಅರ್ಥ, ಪ್ರಶ್ನೆ ಹುಟ್ಟುವುದೇ ಇಲ್ಲ ಅಂತ. ಕರ್ನಾಟಕದ ಶಾಸನಸಭೆಯ ಉತ್ತರಗಳಲ್ಲಿ ಇದೇ ಮಾತು 'ಉದ್ಭವಿಸುವುದಿಲ್ಲ' ಎಂಬ ವೇಷದಲ್ಲಿ ಬರುತ್ತದೆ. ಎರಡೂ ಭಾಷೆಯಲ್ಲಿ ಪದ್ಯ ಕಟ್ಟುವ ಹುಚ್ಚು ಇರುವ ನನಗೆ ಇದು ಸೋಜಿಗ. ಗಡಿಯ ಎರಡು ಕಡೆಯ ಕಚೇರಿಗಳೂ ಬಾಯಿ ಮುಚ್ಚಿಸುವ ಕೆಲಸಕ್ಕೆ ಒಂದೊಂದು ಸಂಸ್ಕೃತ ಪದ ಎತ್ತಿಟ್ಟುಕೊಂಡಿವೆ. ಲಿಂಗ ತಾನಾಗಿ ಉದ್ಭವಿಸಿದರೆ ಗುಡಿ ಕಟ್ಟುತ್ತೇವೆ. ಜನರ ಪ್ರಶ್ನೆ ಮಾತ್ರ ಉದ್ಭವಿಸುವುದಿಲ್ಲ!

ಆ ಉತ್ತರ ಹೇಗೆ ಬಂತು, ಅದರಿಂದ ನಾವು ಏನು ಕಲಿತೆವು ಎಂಬುದನ್ನು ಗಡಿಸೀಮೆಯ ರೈತ ಬಾಂಧವರಿಗೂ ವರ್ತಕರಿಗೂ ಹೇಳಬೇಕೆಂದು ಈ ಲೇಖನ.

ಖಾಲಿ ಕುರ್ಚಿ

ಮಡಕಶಿರಾ, ಅಮರಾಪುರ, ರೊಳ್ಳ, ಗುಡಿಬಂಡೆ, ಅಗಳಿ ಮಂಡಲಗಳು 2022ರ ತನಕ ಅನಂತಪುರ ಜಿಲ್ಲೆಯಲ್ಲಿದ್ದವು, ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿವೆ. ನಮ್ಮ ಮನೆಗಳಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ನೊಳಂಬರ ಹೇಮಾವತಿ ಇರೋದು ಇಲ್ಲೇ. ಅಲ್ಲಿಯ ಕಲ್ಲುಗಳ ಮೇಲೆ ಕನ್ನಡ ಇದೆ. ಕಲ್ಲಿನ ಮೇಲಿರುವ ಕನ್ನಡ ಶಾಲೆಯ ಕರಿಹಲಗೆಯ ಮೇಲೂ ಉಳಿಯಲಿ ಎಂದು ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಕಳಿಸುವವರು ಇನ್ನೂ ಇದ್ದಾರೆ. ನನ್ನ ತಮ್ಮ ಅಂಥವನು. ಅವನ ಮಗಳು ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಶಾಲೆಯ ಗಣಿತದ ಮೇಷ್ಟ್ರು ರಿಟೈರ್ ಆದರು. ಆ ಕುರ್ಚಿಗೆ ಇನ್ನೊಬ್ಬರು ಬರಲಿಲ್ಲ. ಜೀವಶಾಸ್ತ್ರದ ಮೇಡಂ ಬಿಡುವಿದ್ದಾಗ ಬಂದು ಲೆಕ್ಕ ಹೇಳಿಕೊಡುತ್ತಿದ್ದರು, ಪಾಪ, ಅವರಿಗೆ ಗೊತ್ತಿದ್ದಷ್ಟು.

ಅರ್ಜಿ ಕೊಟ್ಟೆವು. ಮಂಡಲದಲ್ಲಿ ಕೇಳಿದರೆ ಜಿಲ್ಲೆ ಅಂದರು, ಜಿಲ್ಲೆಯಲ್ಲಿ ಕೇಳಿದರೆ ಮೇಲೆ ಅಂದರು. ಕೊನೆಗೆ ಮಾರಮ್ಮನ ಗುಡಿ ಕಟ್ಟೆ ಮೇಲೆ ಹತ್ತು ಜನ ಕೂತು, ಇದನ್ನು ಸಭೆಯಲ್ಲೇ ಕೇಳಿಸೋಣ ಅಂತ ತೀರ್ಮಾನ ಮಾಡಿದೆವು. ಬರೆಯುವವನು ನಾನು. ಎಸ್ಸೆಸ್ಸೆಲ್ಸಿಯನ್ನು ಶಿರಾ ಕಡೆ ಸೋದರಮಾವನ ಮನೆಯಲ್ಲಿದ್ದು ಪಾಸು ಮಾಡಿದವನು, ಮೇಲಾಗಿ ಕವಿ ಅನ್ನೋ ಬಿರುದು ಬೇರೆ. ಗತ್ತಿನಿಂದ ಬರೆದೆ: 'ಗಡಿ ಭಾಗದ ಕನ್ನಡ ಶಾಲೆಗಳನ್ನು ಸರ್ಕಾರ ನಿರ್ಲಕ್ಷಿಸುತ್ತಿರುವುದು ನಿಜವೇ? ನಿಜವಾದರೆ ಕಾರಣವೇನು? ಸರಿಪಡಿಸಲು ಕೈಗೊಂಡ ಕ್ರಮವೇನು?' ತೆಲುಗಿಗೂ ನಾನೇ ತಿರುಗಿಸಿದೆ. ಒಬ್ಬ ಶಾಸಕರು ಒಪ್ಪಿ, ತಮ್ಮ ಹೆಸರಿನಲ್ಲಿ ಕಳಿಸಿದರು. ಕೆಲವು ತಿಂಗಳ ಮೇಲೆ ಉತ್ತರ ಬಂತು. ಮೊದಲನೆಯದಕ್ಕೆ 'ಲೇದಂಡಿ'. ಎರಡು, ಮೂರಕ್ಕೆ 'ಪ್ರಶ್ನ ಉತ್ಪನ್ನಂ ಕಾದು'. ಮುಗಿಯಿತು.

ಮೇಷ್ಟ್ರು ಹೇಳಿದ ಪಾಠ

ಕಾಗದ ಹಿಡಿದುಕೊಂಡು ನಮ್ಮೂರ ಹಳೇ ಹೆಡ್‌ಮೇಷ್ಟ್ರ ಹತ್ತಿರ ಹೋದೆ. ಕನ್ನಡಕ ಏರಿಸಿ ಓದಿ, "ಏನಪ್ಪಾ ಕವಿ, ದೊಡ್ಡಿ ಬಾಗಿಲು ನೀನೇ ತೆಗೆದಿಟ್ಟು ಎಮ್ಮೆ ಓಡಿಹೋಯ್ತು ಅಂತೀಯಲ್ಲ" ಅಂದರು.

"ಯಾಕೆ ಸಾರ್?"

"ನಿಜವೇ ಅಂತ ಕೇಳಿದೀಯ, ಅಲ್ಲ ಅಂತ ಹೇಳವ್ರೆ. ಮೊದಲನೇದು ಬಿದ್ದ ಮೇಲೆ ಹಿಂದಿನ ಎರಡು ನಿಲ್ತವಾ? ನಿರ್ಲಕ್ಷ್ಯ ಅನ್ನೋದಕ್ಕೆ ಅಳತೆ ಎಲ್ಲೈತೆ? ಎಷ್ಟು ಅಂತ ಕೇಳು. ಯಾವತ್ತಿಂದ ಅಂತ ಕೇಳು. ಯಾವತ್ತಿಗೆ ಅಂತ ಕೇಳು. ಎಷ್ಟು ಅಂತ ಕೇಳಿದ್ರೆ ಇಲ್ಲ ಅನ್ನೋಕಾಗಲ್ಲ, ಸೊನ್ನೆ ಅನ್ನಬೇಕಾಗ್ತೈತೆ. ಸೊನ್ನೆ ಅಂದ್ರೂ ಅದು ಲೆಕ್ಕಾನೇ."

ಆವತ್ತು ಮೇಷ್ಟ್ರು ಸಭೆಯ ರೀತಿ-ನೀತಿಯನ್ನೂ ಬಿಡಿಸಿ ಹೇಳಿದರು. ಆಮೇಲೆ ನಾನೂ ಓದಿ ತಿಳಿದುಕೊಂಡೆ. ಸದಸ್ಯರು ಕೇಳುವ ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರಹದ ಉತ್ತರ ಮಾತ್ರ. ನಾವು 'ಚುಕ್ಕೆ' ಅಂದರೆ ತೆಲುಗಿನವರು 'ನಕ್ಷತ್ರ' ಅಂತಾರೆ. ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ 15 ದಿನ ಮುಂಚೆ ನೋಟಿಸು ಕೊಡಬೇಕು. ದಿನಕ್ಕೆ 20 ಚುಕ್ಕೆ ಪ್ರಶ್ನೆ, 230 ಚುಕ್ಕೆ ಇಲ್ಲದ್ದು. ಸಿಗುವುದು ಒಂದು ಗಂಟೆ. ಆ ಒಂದು ಗಂಟೆಯಲ್ಲಿ 20 ಪ್ರಶ್ನೆಗಳೂ ಮುಗಿಯುವುದು ಎಷ್ಟು ಅಪರೂಪ ಅಂದರೆ, 2019ರ ನವೆಂಬರಿನಲ್ಲಿ ಒಂದು ದಿನ ಹಾಗಾದಾಗ 1972ರ ನಂತರ ಇದೇ ಮೊದಲು ಎಂದು ಪತ್ರಿಕೆಗಳು ಬರೆದವು.

ಸತ್ತ್ವ ಇರುವುದು ಉಪಪ್ರಶ್ನೆಯಲ್ಲಿ. ಮೊದಲ ಉತ್ತರವನ್ನು ಅಧಿಕಾರಿಗಳು ಬರೆದುಕೊಟ್ಟಿರುತ್ತಾರೆ, ಮಂತ್ರಿ ಓದುತ್ತಾರೆ. ಉಪಪ್ರಶ್ನೆ ಬಂದಾಗ ಮಂತ್ರಿಗೆ ವಿಷಯ ಗೊತ್ತಿದೆಯೋ ಇಲ್ಲವೋ ಬಯಲಾಗುತ್ತದೆ. ಕೇಳುವ ಶಾಸಕರಿಗೆ ಗೊತ್ತಿದೆಯೋ ಇಲ್ಲವೋ, ಅದೂ ಬಯಲಾಗುತ್ತದೆ. ಶಾಲೆಯ ಹೆಸರು, ಖಾಲಿ ಬಿದ್ದ ದಿನ, ಮಕ್ಕಳ ಸಂಖ್ಯೆ ಕೈಯಲ್ಲಿ ಇಲ್ಲದ ಶಾಸಕ ಏನು ತಾನೇ ಕೇಳಿಯಾರು? ಅದನ್ನು ಅವರ ಕೈಗೆ ಕೊಡಬೇಕಾದವರು ನಾವು.

ರೈತರೂ ವರ್ತಕರೂ ಕೇಳಿದ ಕಾಲ

ಈ ಹಕ್ಕು ಮೇಲಿಂದ ಉದುರಿದ್ದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಆ ವರ್ಷದ ಅಕ್ಟೋಬರ್ 7ರಂದು ಸೇರಿದ ಮೊದಲ ಸಭೆಗೆ ಬಂದವರು 144 ಮಂದಿ. ತಾಲ್ಲೂಕಿಗೆ ಒಬ್ಬಿಬ್ಬರು ಬೇಸಾಯಗಾರರು, ಜಿಲ್ಲೆಗೆ ಮೂರ್ನಾಲ್ಕು ಮಂದಿ ವರ್ತಕರು ಎಂಬುದು ಆಗಿನ ಲೆಕ್ಕ. ಅಂದರೆ ಈ ಪುಟ ಓದುವ ನಿಮ್ಮಂಥವರೇ. ತಮ್ಮ ಸೀಮೆಯ ಕಷ್ಟವನ್ನು ದಿವಾನರ ಮುಂದೆ ಹೇಳಿಕೊಳ್ಳಬಹುದಿತ್ತು. ಆದರೆ ನಿರ್ಧಾರ ಮಾಡುವ ಅಧಿಕಾರ ಸಭೆಗಿರಲಿಲ್ಲ. ಶಿರಾ, ಪಾವಗಡದವರಿಗೆ ಅಷ್ಟಾದರೂ ಬಾಗಿಲು ತೆರೆಯಿತು. ಅವರ ಹೊಲಕ್ಕೆ ಹೊಲ ತಾಗಿಸಿಕೊಂಡಿದ್ದ ನಮ್ಮ ತಾತಂದಿರು ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದರಿಂದ ಬದುವಿನ ಈಚೆ ನಿಂತು ನೋಡಬೇಕಾಯಿತು.

ಬ್ರಿಟಿಷರು ಕೌನ್ಸಿಲಿನಲ್ಲಿ ಪ್ರಶ್ನೆ ಕೇಳಲು ಬಿಟ್ಟದ್ದು 1892ರ ಕಾಯಿದೆಯಲ್ಲಿ; ಆದರೆ ಉಪಪ್ರಶ್ನೆ ಕೂಡದು. 1909ರಲ್ಲಿ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ ಉಪಪ್ರಶ್ನೆಯ ಅವಕಾಶ ಸಿಕ್ಕಿತು. 1919ರ ಸುಧಾರಣೆಯಲ್ಲಿ ಬೇರೆ ಸದಸ್ಯರಿಗೂ ಬಂತು. ಎಲ್ಲ ಸದಸ್ಯರಿಗೂ ಉಪಪ್ರಶ್ನೆಯ ಹಕ್ಕು ಸಿಗಲು ದೇಶ 27 ವರ್ಷ ಕಾದಿದೆ.

ಅದರ ಬೆಲೆ ತಿಳಿಯಬೇಕಾದರೆ 1957ನ್ನು ನೆನೆಯಬೇಕು. ಜೀವ ವಿಮಾ ನಿಗಮದ ಹಣ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರುಗಳಿಗೆ ಹೋದದ್ದರ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಎದ್ದಿತು. ಬೆನ್ನು ಹತ್ತಿದವರಲ್ಲಿ ಮುಂದಾಳು ಫಿರೋಜ್ ಗಾಂಧಿ. ಅವರು ಆಳುವ ಪಕ್ಷದವರೇ, ಪ್ರಧಾನಿ ನೆಹರೂ ಅವರ ಅಳಿಯ ಕೂಡ. ವಿಚಾರಣೆಗೆ ನ್ಯಾಯಮೂರ್ತಿ ಚಾಗ್ಲಾ ಆಯೋಗ ಬಂತು. 1958ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ನಮ್ಮ ಪಕ್ಷದ್ದೇ ಸರ್ಕಾರ, ಹೇಗೆ ಕೇಳೋದು ಅನ್ನುವ ಶಾಸಕರಿಗೆ ಇದನ್ನು ನೆನಪಿಸಬೇಕು.

ಇದೇ ಪ್ರಶ್ನೆ ಅಂಗಡಿಗೆ ಬಂದದ್ದೂ ಉಂಟು. ಪ್ರಶ್ನೆ ಕೇಳಲು ಹಣ ತೆಗೆದುಕೊಂಡರೆಂದು 2005ರ ಡಿಸೆಂಬರಿನಲ್ಲಿ 11 ಮಂದಿ ಸಂಸದರನ್ನು ಸದನದಿಂದ ಹೊರಗೆ ಹಾಕಿದರು. ಬೇರೆ ಕಾರಣಕ್ಕೆ ಪ್ರಶ್ನೆ ವೇಳೆಯೇ ಇಲ್ಲವಾದದ್ದೂ ಉಂಟು. ಕೊರೊನಾ ಕಾಲದ 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಸಂಸತ್ತು ಪ್ರಶ್ನೆ ವೇಳೆಯನ್ನು ಕೈಬಿಟ್ಟು ಬರಹದ ಉತ್ತರವನ್ನು ಮಾತ್ರ ಉಳಿಸಿಕೊಂಡಿತು.

'ಪರಿಶೀಲನೆಯಲ್ಲಿದೆ' ಎಂಬುದೂ ಸಾಲ ಪತ್ರ

ನಮ್ಮ ಕಥೆಗೆ ಬರೋಣ. ಮೇಷ್ಟ್ರ ಮಾತಿನಂತೆ ಮೊದಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 30 ದಿನದೊಳಗೆ ಉತ್ತರ ಕೊಡಬೇಕೆಂಬುದು 2005ರ ಆ ಕಾಯಿದೆಯ ನಿಯಮ. ಮಂಜೂರಾದ ಹುದ್ದೆ, ತುಂಬಿದ ಹುದ್ದೆ, ಖಾಲಿಯಾದ ತಾರೀಖು ಎಲ್ಲ ಬಂತು. ಅದನ್ನು ಮುಂದಿಟ್ಟುಕೊಂಡು ಪ್ರಶ್ನೆಯನ್ನು ಮತ್ತೆ ಕಟ್ಟಿದೆವು. ಇಷ್ಟನೇ ತಾರೀಖಿನಿಂದ ಗಣಿತದ ಹುದ್ದೆ ಖಾಲಿ ಇದೆ. ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿನಲ್ಲಿ ಮಕ್ಕಳೆಷ್ಟು? ಅವರಿಗೆ ಗಣಿತ ಹೇಳುತ್ತಿರುವವರು ಯಾರು? ಹುದ್ದೆ ತುಂಬುವುದು ಯಾವಾಗ? ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದನ್ನೂ ಸೇರಿಸೋಣ ಅಂದೆ. ಮೇಷ್ಟ್ರು ಬೇಡ ಅಂದರು. "ಅದು ಪ್ರಾಥಮಿಕಕ್ಕೆ. ನಮ್ಮದು ಹೈಸ್ಕೂಲು. ತಪ್ಪು ಕಲ್ಲು ಇಟ್ರೆ ಗೋಡೇನೇ ಬೀಳ್ತೈತೆ."

ಈ ಸಲ ಉತ್ಪನ್ನವಾಯಿತು! 'ಅವುನಂಡಿ' ಅಂತ ಒಪ್ಪಿಕೊಂಡು, ಹುದ್ದೆ ತುಂಬುವ ವಿಷಯ ಪರಿಶೀಲನೆಯಲ್ಲಿದೆ ಅಂದರು. ನನ್ನ ಮುಖ ಸಪ್ಪಗಾಯಿತು. ಪರಿಶೀಲನೆ ಅನ್ನೋ ಬಾವಿಗೆ ಬಿದ್ದದ್ದು ಮೇಲೆ ಬರುತ್ತದೆಯೇ?

ಆದರೆ ಅದಕ್ಕೂ ಹಗ್ಗ ಇದೆ. ಮಂತ್ರಿ ಸದನದಲ್ಲಿ 'ಪರಿಶೀಲನೆಯಲ್ಲಿದೆ', 'ಮಾಹಿತಿ ಸಂಗ್ರಹಿಸಲಾಗುತ್ತಿದೆ', 'ವಿಚಾರಿಸುತ್ತೇನೆ' ಅಂದರೆ ಅದನ್ನು ಭರವಸೆ ಎಂದು ಬರೆದಿಟ್ಟುಕೊಳ್ಳುವ ಪದ್ಧತಿ ಇದೆ. ಅದನ್ನು ನೋಡಿಕೊಳ್ಳಲು ಸರ್ಕಾರಿ ಭರವಸೆಗಳ ಸಮಿತಿ ಅಂತ ಇರುತ್ತದೆ. ಲೋಕಸಭೆಯಲ್ಲಿ 1953ರಿಂದ ಇದೆ, ಅಲ್ಲಿ ಭರವಸೆ ತೀರಿಸಲು ಮೂರು ತಿಂಗಳ ಗಡುವು. ಆಂಧ್ರ, ಕರ್ನಾಟಕದ ಸಭೆಗಳಲ್ಲೂ ಅಂಥ ಸಮಿತಿಗಳಿವೆ. ವರ್ತಕರಿಗೆ ಬೇಗ ಅರ್ಥವಾಗುವ ಹಾಗೆ ಹೇಳುವುದಾದರೆ, ಆ ಮಾತು ಸಾಲ ಪತ್ರ ಇದ್ದಂತೆ. ಕೇಳಿ ವಸೂಲು ಮಾಡುವವರಿಲ್ಲದಿದ್ದರೆ ಪತ್ರ ಪೆಟ್ಟಿಗೆಯಲ್ಲೇ ಹಳೆಯದಾಗುತ್ತದೆ. ನಾವು ಶಾಸಕರಿಗೆ ಮೂರು ಸಲ ನೆನಪಿಸಿದೆವು, ಅವರೂ ಬೇಸರ ಮಾಡದೆ ಬರೆದರು. ಮುಂದಿನ ಜೂನ್‌ನಲ್ಲಿ ಶಾಲೆ ತೆರೆದಾಗ ಗಣಿತದ ಮೇಷ್ಟ್ರು ಬಂದರು.

ಎರಡು ಮನೆ ನಂಟರು

ಗಡಿಯವರಿಗೆ ಇನ್ನೊಂದು ತೊಡಕಿದೆ. ನಾವು ಮತ ಹಾಕೋದು ಅಮರಾವತಿಗೆ, ಆಸ್ಪತ್ರೆಗೆ ಓಡೋದು ತುಮಕೂರಿಗೋ ಬೆಂಗಳೂರಿಗೋ. ಮಂತ್ರಿ ಉತ್ತರ ಕೊಡಬೇಕಾದ್ದು ತಮ್ಮ ಸರ್ಕಾರದ ಹೊಣೆಯ ವಿಷಯಕ್ಕೆ ಮಾತ್ರ. ಶಿರಾ ಕಡೆಯ ಬಸ್ಸು ನಮ್ಮ ಗಡಿಯಲ್ಲೇ ತಿರುಗಿಕೊಂಡು ಹೋದರೆ ಅಮರಾವತಿಯಲ್ಲಿ ಆ ಪ್ರಶ್ನೆ ಉತ್ಪನ್ನಂ ಕಾದು, ಬೆಂಗಳೂರಿನಲ್ಲಿ ಕೇಳಲು ನಮಗೆ ಶಾಸಕರಿಲ್ಲ. ಇಂಥ ಕಡೆ ಪ್ರಶ್ನೆಯನ್ನು ಎರಡು ಹೋಳು ಮಾಡಬೇಕು. ಈ ಕಡೆಯ ಪಾಲು ನಮ್ಮ ಶಾಸಕರಿಗೆ, ಆ ಕಡೆಯ ಪಾಲು ಗಡಿಯಾಚೆಯ ನೆಂಟರ ಮೂಲಕ ಅಲ್ಲಿಯ ಶಾಸಕರಿಗೆ. ಹೆಣ್ಣು ಕೊಟ್ಟು ತಂದ ಊರುಗಳಲ್ಲವೇ, ಒಂದು ಪ್ರಶ್ನೆ ಕೊಟ್ಟು ತರುವುದೇನು ಕಷ್ಟ?

ಭಾಷೆಯ ಅಳುಕೂ ಬೇಡ. ರಾಜ್ಯದ ಭಾಷೆ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಸರಿಯಾಗಿ ಮಾತಾಡಲು ಬಾರದ ಸದಸ್ಯರಿಗೆ ತಾಯ್ನುಡಿಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದೆಂದು ಸಂವಿಧಾನದ 210ನೇ ವಿಧಿ ಹೇಳುತ್ತದೆ. ಕೇರಳದಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ 2021ರಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು.

ಹೊಸ ಮೇಷ್ಟ್ರು ಬಂದರು ಅಂದೆನಲ್ಲ, ಒಂದು ಮಾತು ಉಳಿಯಿತು. ಅವರು ಬರುವ ಹೊತ್ತಿಗೆ ನನ್ನ ತಮ್ಮನ ಮಗಳ ಪರೀಕ್ಷೆ ಮುಗಿದುಹೋಗಿತ್ತು. ಅವಳೂ ಅವಳ ಜೊತೆಯ ಇಬ್ಬರು ಹುಡುಗಿಯರೂ ಗಣಿತದಲ್ಲಿ ಫೇಲು. ಅವಳು ಹಟ ಹಿಡಿದು, ಮೇಷ್ಟ್ರ ಮನೆ ಜಗುಲಿಯಲ್ಲಿ ಕೂತು ಲೆಕ್ಕ ಕಲಿತು, ಸಪ್ಲಿಮೆಂಟರಿಯಲ್ಲಿ ಪಾಸಾದಳು. ಉಳಿದಿಬ್ಬರು ಮತ್ತೆ ಕಟ್ಟಲಿಲ್ಲ. ಒಬ್ಬಳಿಗೆ ಆ ವರ್ಷವೇ ಗಂಡು ನೋಡಿದರು. ನಾನು ಮೊದಲನೇ ಸಲವೇ 'ಎಷ್ಟು' ಅಂತ ಕೇಳಿದ್ದರೆ ಅವರಿಗೆ ಒಂದು ವರ್ಷ ಮುಂಚೆ ಮೇಷ್ಟ್ರು ಸಿಗುತ್ತಿದ್ದರೇನೋ. ಅದಕ್ಕೇ ಈಗ ನಮ್ಮ ಗುಡಿ ಕಟ್ಟೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಡಾಕ್ಟರು ಬಾರದ ದಿನ, ಕರೆಂಟು ಹೋದ ಗಂಟೆ, ಕೆಟ್ಟು ನಿಂತ ಬೋರು, ಎಲ್ಲಕ್ಕೂ ತಾರೀಖು ಹಾಕಿ ಬರೆಯುತ್ತೇವೆ. ಮುಂದಿನ ಅಧಿವೇಶನಕ್ಕೆ ಮುಂಚೆ ಅದರಿಂದ ಎರಡು ಪ್ರಶ್ನೆ ತೆಗೆಯಬೇಕು. ನಿಮ್ಮೂರಲ್ಲೂ ಒಂದು ನೋಟ್‌ಬುಕ್ ಇಡಿ.