ಹೆಜ್ಜಾರ್ಲೆಯೂ ಹುಣಿಸೆಯ ಫಸಲೂ

ಹಕ್ಕಿಗಳ ರಕ್ಷಣೆಗಾಗಿ ಊರವರೇ ಸರಕಾರಕ್ಕೆ ಮೊರೆಯಿಟ್ಟ ಪ್ರಸಂಗಗಳಲ್ಲಿ ಬಹು ಹಳೆಯದೊಂದು, ಚೆನ್ನೈಯಲ್ಲಿ ನೆಲಸಿರುವ ನಮಗೆ ಸಮೀಪದಲ್ಲಿಯೇ ನಡೆದುದು. ವೇಡಂತಾಂಗಲ್ ಕೆರೆಯ ನೀರುಹಕ್ಕಿಗಳನ್ನು ಆಂಗ್ಲ ಸೈನಿಕರು ಹೊಡೆಯತೊಡಗಿದಾಗ ಗ್ರಾಮಸ್ಥರು ದೂರಿತ್ತರು; 1798ರಲ್ಲಿ ಚೆಂಗಲ್ಪಟ್ಟಿನ ಕಲೆಕ್ಟರನಾಗಿದ್ದ ಲಯನೆಲ್ ಪ್ಲೇಸ್ ಅವರಿಗೆ ಕೌಲು ಬರೆದುಕೊಟ್ಟನು. 1858ರಲ್ಲಿ ಆ ಹಕ್ಕನ್ನು ಅವರು ಮರಳಿ ಊರ್ಜಿತಗೊಳಿಸಿಕೊಂಡರು. ಇದನ್ನು ಬರಿಯ ಭೂತದಯೆಯೆಂದು ಭಾವಿಸಲಾಗದು. ಹಿಕ್ಕೆ ಬೆರೆತ ಕೆರೆಯ ನೀರು ಹಾಯ್ದ ಗದ್ದೆಯಲ್ಲಿ ಬೆಳೆ ಹುಲುಸಾಗುವುದನ್ನು ಆ ರೈತರು ಕಂಡುಕೊಂಡಿದ್ದರು.

ಕನ್ನಡನಾಡಿನಲ್ಲಿ ಇದಕ್ಕೆ ಸಂವಾದಿಯಾಗಿ ನೆನಪಿಗೆ ಬರುವುದು ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು. ಆದರೆ ಇಲ್ಲಿಯ ಪ್ರಶ್ನೆ ಹೆಚ್ಚು ಜಟಿಲವಾದುದು. ವೇಡಂತಾಂಗಲಿನಲ್ಲಿ ಹಕ್ಕಿಗಳು ಗೂಡುಕಟ್ಟುವುದು ಕೆರೆಯೊಳಗಣ ಮರಗಳಲ್ಲಿ. ಬೆಳ್ಳೂರಿನಲ್ಲಾದರೋ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಿಸೆ, ಅರಳಿ ಮರಗಳಿಗೇ ಬಂದಿಳಿಯುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಆದರಿಸುತ್ತಾರೆ. ಮಾತು ಸೊಗಸಾದುದು, ನಮ್ಮ ಲೇಖಕರಲ್ಲಿ ಹಲವರು ಇಲ್ಲಿಗೇ ಲೇಖನಿಯನ್ನು ಕೆಳಗಿಡುತ್ತಾರೆ.

ಆದರೆ ಹುಣಿಸೆ ಹಣ್ಣಾಗುವುದೂ ಗೂಡಿನಲ್ಲಿ ಮರಿಗಳಿರುವುದೂ ಒಂದೇ ಕಾಲದಲ್ಲಿ. ಕೊಂಬೆ ಬಡಿದರೆ ಗೂಡು ಉಳಿಯದು, ಬಡಿಯದಿದ್ದರೆ ಫಸಲು ಕೈಗೆ ಹತ್ತದು. ಮರದಡಿ ಬಿದ್ದ ಹಿಕ್ಕೆ ಒಳ್ಳೆಯ ಗೊಬ್ಬರವೆಂಬುದು ದಿಟ. ಆದರೂ ಬಡ ಒಕ್ಕಲಿನವನೊಬ್ಬನು ಮರವನ್ನು ಕಡಿದು ಮಾರಲು ಮನಸ್ಸು ಮಾಡಿದರೆ ಅವನನ್ನು ನಿರ್ದಯನೆನ್ನಲು ನಗರವಾಸಿಗಳಾದ ನಮಗೆ ಯಾವ ಅಧಿಕಾರವುಂಟು? 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರಿನ ಹಕ್ಕಿಗಳ ಕಡೆಗೆ ವಿದ್ವಾಂಸರ ಗಮನವನ್ನು ಸೆಳೆದರು. ತರುವಾಯ, ಗೂಡುಗಳಿರುವ ಮರಗಳ ಒಡೆಯರಿಗೆ ಅರಣ್ಯ ಇಲಾಖೆಯು ಪರಿಹಾರಧನ ಕೊಡುವ ಏರ್ಪಾಡಾಯಿತು. ನೂರು ಭಾಷಣಗಳು ಸಾಧಿಸದುದನ್ನು ಈ ಏರ್ಪಾಡು ಸಾಧಿಸಿತೆಂದು ನನ್ನ ಎಣಿಕೆ. 1990ರ ದಶಕದಲ್ಲಿ ಮೈಸೂರಿನ ನಿಸರ್ಗಾಸಕ್ತರ ನೆರವಿನಿಂದ ಊರ ತರುಣರು ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿದರು; ಗೂಡಿನಿಂದ ಬಿದ್ದ ಮರಿಗಳಿಗೆ ಮೀನುಣಿಸಿ, ರೆಕ್ಕೆ ಬಲಿತ ಮೇಲೆ ಹಾರಬಿಟ್ಟರು.

2007ರಲ್ಲಿ ಬೆಳ್ಳೂರು ‘ಸಮುದಾಯ ಮೀಸಲು’ ಪ್ರದೇಶವಾಯಿತು. ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಬಂದ ಪರಿಕಲ್ಪನೆಯಿದು. ನೆಲದ ಒಡೆತನವು ಊರವರಲ್ಲಿಯೇ ಉಳಿಯುತ್ತದೆ. ನಿರ್ವಹಣಾ ಸಮಿತಿಯಲ್ಲಿ ಅವರ ಪ್ರತಿನಿಧಿಗಳಿರುತ್ತಾರೆ. ಅಭಯಾರಣ್ಯವೆಂದರೆ ಒಕ್ಕಲೆಬ್ಬಿಸುವುದೆಂದು ಹೆದರುವ ಗ್ರಾಮಗಳಿಗೆ ಈ ಭೇದವನ್ನು ತಿಳಿಯಹೇಳುವುದೇ ಪ್ರಚಾರಕನ ಮೊದಲ ಕೆಲಸವಾಗಬೇಕು.

ಹಾಗಿದ್ದೂ ಊರ ಮರಗಳನ್ನು ಉಳಿಸಿಕೊಂಡ ಮಾತ್ರಕ್ಕೆ ಹಕ್ಕಿ ಉಳಿಯದು. ಅದರ ಆಹಾರವಿರುವುದು ಶಿಂಷಾ ನದಿಯಲ್ಲಿ, ದೂರದೂರದ ಕೆರೆಗಳಲ್ಲಿ. 2017ರ ಕೊನೆಯಿಂದ ಕೆಲವು ತಿಂಗಳು ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತವು. ಅವುಗಳ ಒಡಲಲ್ಲಿ ಜಂತುಹುಳುಗಳು ಕಂಡುಬಂದವು. ಬಳಗದ ತರುಣರು ಎಷ್ಟು ಎಚ್ಚರವಿದ್ದರೂ ಹತ್ತಾರು ಕೆರೆಗಳ ನೀರನ್ನು ಅವರೊಬ್ಬರೇ ಕಾಯಲಾರರು.

ವೇಡಂತಾಂಗಲಿನಲ್ಲಿಯೂ ಇದೇ ಕಥೆ. ಧಾಮದ ಐದು ಕಿಲೋಮೀಟರ್ ತ್ರಿಜ್ಯವನ್ನು ಮೂರಕ್ಕಿಳಿಸುವ ಪ್ರಸ್ತಾವವು 2020ರಲ್ಲಿ ಬಂದಾಗ, ನಡುವಿನ ಕೆರೆಯು ಹೇಗೂ ಭದ್ರವಾಗಿರುವುದಲ್ಲ ಎಂದು ಕೇಳುವವರಿಗೆ ಕೊರತೆಯಿರಲಿಲ್ಲ. ವಿರೋಧಿಸಿದವರು ಎತ್ತಿ ತೋರಿಸಿದುದು ಬಿಟ್ಟುಹೋಗಲಿದ್ದ ಆ ಎರಡು ಕಿಲೋಮೀಟರನ್ನು: ಗೂಡಿನ ಹಕ್ಕಿ ಮೇವಿಗೆ ಹಾರುವ ಗದ್ದೆಗಳೂ ಚಿಕ್ಕ ಕೆರೆಗಳೂ ಇರುವುದು ಅಲ್ಲಿಯೇ.